ದೇವರ ಕಂತು ತಪ್ಪಿತು ಎಂದವರು

ಬರೆಯುವ ಮುಂಚೆ ಅವರ ಒಪ್ಪಿಗೆ ಕೇಳಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮುಂಬೈಯ ನಮ್ಮ ಕನ್ನಡ ಕ್ರೈಸ್ತ ಮನೆಗಳಿಂದ ಇದೇ ಸಂಕಟ ಹೊತ್ತವರು ಆಪ್ತಸಲಹೆಗೆ ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ. ಒಬ್ಬರಿಗೆ ಮಕ್ಕಳಾಗಲಿಲ್ಲ, ಇನ್ನೊಬ್ಬರಿಗೆ ಕೆಲಸ ಹೋಯಿತು, ಆದರೆ ಎಲ್ಲರೂ ಕೇಳುವುದು ಒಂದೇ ಮಾತು: ನಾನು ದೇವರಿಗೆ ಎಲ್ಲಿ ಕಡಿಮೆ ಮಾಡಿದೆ?

ಇವರು ಡೊಂಬಿವಲಿಯವರು, ಐವತ್ತು ದಾಟಿದೆ, ಮೂಲ ಧಾರವಾಡದ ಕಡೆ. ಹೆಂಡತಿಗೆ ಕ್ಯಾನ್ಸರ್. ವಾಸಿಯಾಯಿತು ಅಂದುಕೊಂಡ ಮೇಲೆ ಮತ್ತೆ ಬಂತು. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂತ ಬಂದಿದ್ದರು. ಮೊದಲ ಎರಡು ಸಲ ಬರೀ ಲೋಕಲ್ ರೈಲು, ಕೀಮೋ, ರಜೆ, ಇದೇ ಮಾತು.

ಮೂರನೇ ಸಲ ಒಂದು ನೋಟ್‌ಬುಕ್ ತಂದರು. "ಅಕ್ಕಾರ, ನಾ ದೇವರ ಕಂತು ತಪ್ಪಿಸೇನ್ರಿ. ಅದಕ್ಕ ಆಕಿಗೆ ಮತ್ತ ಬಂದೈತಿ."

ಮೊದಲ ಚಿಕಿತ್ಸೆಯ ಹೊತ್ತಿಗೆ ಸಂಬಳವೆಲ್ಲ ಔಷಧಿಗೇ ಹೋಗಿ, ನಾಲ್ಕು ತಿಂಗಳು ಸಭೆಗೆ, ಅಂದರೆ ಚರ್ಚಿಗೆ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಟ್ಟಿರಲಿಲ್ಲ. ರೋಗ ಮರಳಿದಾಗ ಪ್ರಾರ್ಥನಾ ಕೂಟದಲ್ಲಿ ಯಾರೋ ಬೈಬಲಿನ ಮಲಾಕಿ 3ನೇ ಅಧ್ಯಾಯ ತೆಗೆದು, ದೇವರದ್ದನ್ನು ಕದ್ದರೆ ಶಾಪ ತಪ್ಪುತ್ತದಾ ಅಂದರಂತೆ. ಇವರು ಮನೆಗೆ ಹೋಗಿ ಲೆಕ್ಕಕ್ಕೆ ಕೂತರು. ನಾಲ್ಕು ತಿಂಗಳ ದಶಮಾಂಶ, ಅದರ ಮೇಲೆ ಐದನೇ ಒಂದು ಪಾಲು ಜಾಸ್ತಿ. ಈ ಐದನೇ ಪಾಲು ಎಲ್ಲಿಂದ ಬಂತು ಅಂತ ಕೇಳಿದೆ. ಯಾಜಕಕಾಂಡ 27:31 ತೋರಿಸಿದರು. ದಶಮಾಂಶದಲ್ಲಿ ಏನನ್ನಾದರೂ ಬಿಡಿಸಿಕೊಳ್ಳುವವನು ಅಷ್ಟು ಸೇರಿಸಿ ಕೊಡಬೇಕು ಅಂತ ಅಲ್ಲಿ ನಿಜವಾಗಿಯೂ ಇದೆ. ಒಟ್ಟು ಮೊತ್ತದ ಕೆಳಗೆ ಎರಡು ಗೆರೆ ಎಳೆದಿದ್ದರು. ಹೆಂಡತಿಗೆ ತಿಳಿಯದ ಹಾಗೆ ಅವರ ಸರ ಅಡವಿಟ್ಟು ಅದನ್ನು ಕಟ್ಟುವುದು ಅಂತ ತೀರ್ಮಾನವಾಗಿತ್ತು.

ನನಗೆ ಸಿಟ್ಟು ಬಂತು, ಅವರ ಮೇಲಲ್ಲ. ಆಪ್ತಸಲಹೆಯಲ್ಲಿ ನಮ್ಮ ಧರ್ಮದ ಮಾತನ್ನು ಎದುರಿನವರ ಮೇಲೆ ಹೇರಬಾರದು ಅಂತ ಕಲಿತಿದ್ದೇವೆ, ಅದು ಸರಿಯೂ ಹೌದು. ಆದರೆ ಇವರ ಗಾಯ ಇದ್ದದ್ದೇ ಅಲ್ಲಿ. ಸುಮ್ನೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಲು ಮನಸ್ಸಾಗಲಿಲ್ಲ. "ಬೈಬಲ್ ನಿಮ್ಮ ಕೈಯಲ್ಲೇ ಇದೆ ಅಲ್ವಾ ಅಣ್ಣಾ, ಇನ್ನೂ ಎರಡು ಕಡೆ ಓದೋಣ್ವಾ?" ಅಂದೆ. ಒಪ್ಪಿದರು.

ಮೊದಲು ಧರ್ಮೋಪದೇಶಕಾಂಡ 14. ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಲ್ಲೇ ಇಡಿ, ದೇವರ ಸೇವೆಗೆ ನಿಂತ, ಪಾಲಿಗೆ ಭೂಮಿ ಇಲ್ಲದ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆ ತುಂಬ ಉಣ್ಣಲಿ ಅನ್ನುತ್ತದೆ. ಕಷ್ಟದಲ್ಲಿರುವವರಿಗೆ ಇಟ್ಟ ಪಾಲು ಅದು, ಅವರಿಂದ ಕಿತ್ತುಕೊಳ್ಳುವ ದಂಡವಲ್ಲ ಅಂದೆ. ತಲೆ ಆಡಿಸಿದರು, ಮುಖ ಬದಲಾಗಲಿಲ್ಲ.

ಆಮೇಲೆ ಮಾರ್ಕ 7. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೆಲವರು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು, ಅಂತ ಹೇಳಿ ಕೊಡದೆ ಉಳಿಸಿಕೊಳ್ಳುತ್ತಿದ್ದರು. ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ರದ್ದು ಮಾಡುತ್ತೀರಿ ಅಂತ ಯೇಸು ಫರಿಸಾಯರನ್ನು, ಅಂದರೆ ಕಟ್ಟುನಿಟ್ಟಿನ ಆಚಾರದ ಯೆಹೂದ್ಯರನ್ನು, ಗದರಿಸಿದ್ದು ಇದಕ್ಕೇ. ಅವರು ಎರಡು ಸಲ ಓದಿದರು. "ಆ ನಾಲ್ಕು ತಿಂಗಳು ದಶಮಾಂಶ ಕೊಟ್ಟು ಔಷಧಿ ನಿಲ್ಲಿಸಿದ್ದರೆ, ಹೆಂಡತಿಗೆ ಏನಂತ ಹೇಳ್ತಿದ್ರಿ?" ಅಂತ ಕೇಳಿದೆ.

ಬಹಳ ಹೊತ್ತು ಮಾತಿಲ್ಲ.

"ಕೊರ್ಬಾನ್ ಅಂತಿದ್ದೆನ್ರಿ." ಅಷ್ಟು ಹೇಳಿ ಅತ್ತುಬಿಟ್ಟರು.

ಕಣ್ಣೊರೆಸಿಕೊಂಡು ಕೇಳಿದ ಮುಂದಿನ ಪ್ರಶ್ನೆಯೇ ನನ್ನನ್ನು ಜಾಸ್ತಿ ಕಾಡಿದ್ದು. "ಹಂಗಾರ ಆಕಿ ಔಷಧಕ್ಕ ಹಾಕಿದ ರೊಕ್ಕ ದಶಮಾಂಶದಾಗ ಜಮಾ ಆತೇನ್ರಿ?"

ಹೌದು ಅಂದಿದ್ದರೆ ಆ ದಿನ ಹಗುರಾಗಿ ಮನೆಗೆ ಹೋಗುತ್ತಿದ್ದರು. ಇಲ್ಲ ಅಂದೆ. ಜಮಾ ಅನ್ನುವ ಕಲಂ ಇದ್ದರೆ ಬಾಕಿ ಅನ್ನುವ ಕಲಂ ಕೂಡ ಇರುತ್ತದೆ, ಮುಂದಿನ ಸ್ಕ್ಯಾನ್ ರಿಪೋರ್ಟ್ ಕೆಟ್ಟದಾಗಿ ಬಂದರೆ ಮತ್ತೆ ಅದೇ ನೋಟ್‌ಬುಕ್ ತೆಗೆಯುತ್ತಾರೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಶಿಲುಬೆಯ ಮೇಲೆ ಕೊನೆಗೆ ಹೇಳಿದ ಮಾತು ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಹೇಗಿದೆ ಅಂತ ಕೇಳಿದೆ. "ತೀರಿತು" ಅಂದರು. ಸಾಲ ತೀರಿತು ಅನ್ನುವಾಗ ನಾವು ಹೇಳುವ ಅದೇ ಪದ. ನಮ್ಮ ಪಾಪದ ಸಾಲವನ್ನು ಯೇಸುವೇ ತೀರಿಸಿದ ಅನ್ನುವುದು ನಮ್ಮ ನಂಬಿಕೆ, ತೀರಿದ ಸಾಲಕ್ಕೆ ಕಂತು ಎಲ್ಲಿಂದ ಬರಬೇಕು? "ನೀವು ಔಷಧಿ ತಂದದ್ದು ದೇವರ ಪುಸ್ತಕದಲ್ಲಿ ಬರೆಸಿಕೊಳ್ಳೋಕಲ್ಲ, ಅವರು ನಿಮ್ಮ ಹೆಂಡತಿ ಅಂತ" ಅಂದೆ.

ಕೊಟ್ಟ ಸಲಹೆ ಇಷ್ಟೇ. ಸರ ಅಡವಿಡಬೇಡಿ. ನೋಟ್‌ಬುಕ್ ಮುಚ್ಚಿಡಿ. ರೋಗ ಯಾಕೆ ಮರಳಿತು ಅಂತ ಪಾಸ್ಟರನ್ನಲ್ಲ, ಕ್ಯಾನ್ಸರ್ ಡಾಕ್ಟರನ್ನೇ ನೇರವಾಗಿ ಕೇಳಿ, ನನ್ನಿಂದಾಯಿತಾ ಅಂತಲೂ ಕೇಳಿ. ಕೇಳಿದರು. ಮೊದಲ ಚಿಕಿತ್ಸೆಗೆ ಸಿಗದೆ ಉಳಿದ ಕೆಲವು ಕ್ಯಾನ್ಸರ್ ಜೀವಕೋಶಗಳಿಂದ ಹೀಗಾಗುತ್ತದೆ ಅಂತ ಡಾಕ್ಟರ್ ಬಿಡಿಸಿ ಹೇಳಿದರಂತೆ.

ಅವರೇ ಇದನ್ನೆಲ್ಲ ತಮ್ಮ ಸಭೆಯ ಹಿರಿಯರೊಬ್ಬರಿಗೆ ಹೇಳಿಕೊಂಡರು, ಹಿರಿಯರು ನನಗೆ ಫೋನ್ ಮಾಡಿದರು. ಹೀಗೆ ಕಲಿಸಿದರೆ ಜನ ಕೊಡುವುದನ್ನೇ ಬಿಡುತ್ತಾರೆ, ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಅಂತ ಬೈಬಲಿನ ತನ್ನ ಪತ್ರಿಕೆಯಲ್ಲಿ ಯಾಕೋಬ ಬರೆದಿಲ್ವಾ ಅಂದರು. ಬರೆದಿದ್ದಾನೆ. 1522ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಲೂಥರ್ ಆ ಪತ್ರಿಕೆಯನ್ನು ಹುಲ್ಲು ಅಂತ ಕರೆದದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಯಾಕೋಬ ಕೊಡುವ ಉದಾಹರಣೆ ಯಾವುದು? ಬಟ್ಟೆ ಇಲ್ಲದ, ಅಂದಿನ ಊಟ ಇಲ್ಲದ ಅಣ್ಣ ಅಥವಾ ತಂಗಿಗೆ ಏನೂ ಕೊಡದೆ, ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿರಿ ಅಂತ ಬಾಯಲ್ಲಿ ಹೇಳಿ ಕಳಿಸುವುದು. ಈ ಮನೆಗೆ ಮಲಾಕಿ ಓದಿ ಹೇಳಿದವರು ಒಂದು ದಿನದ ಡಬ್ಬಿ ಕಳಿಸಿದ್ದರಾ ಅಂತ ಕೇಳಿದೆ. ದನಿ ಸ್ವಲ್ಪ ಏರಿತ್ತು, ಆದರೆ ಆ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ರಕ್ಷಣೆ ಕ್ರಿಯೆಗಳಿಂದಲ್ಲ ಅಂದ ಅಪೊಸ್ತಲ ಪೌಲನೇ ಮುಂದಿನ ವಚನದಲ್ಲಿ ನಾವು ಸೃಷ್ಟಿಯಾದದ್ದೇ ಒಳ್ಳೆಯ ಕ್ರಿಯೆಗಳಿಗಾಗಿ ಅನ್ನುತ್ತಾನೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಇದು ಪ್ರೊಟೆಸ್ಟಂಟರ ಮಾತು ಅಂತ ಕ್ಯಾಥೊಲಿಕ್ ಗೆಳತಿಯೊಬ್ಬಳು ಅಂದಳು. ಇಲ್ಲ, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆ, ಲೂಥರನ್ ಸಭೆಗಳ ಒಕ್ಕೂಟ ಎರಡೂ ಸೇರಿ ಸಹಿ ಹಾಕಿದ ಹೇಳಿಕೆಯಲ್ಲಿ ಇದೇ ಇದೆ: ದೇವರು ಒಪ್ಪಿಕೊಳ್ಳುವುದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ, ಆ ಕೃಪೆಯೇ ಒಳ್ಳೆಯ ಕೆಲಸಕ್ಕೆ ಕರೆಯುತ್ತದೆ.

ಇನ್ನು ಮುಂದೆ ದಶಮಾಂಶ ಕೊಡಬೇಕೋ ಬೇಡವೋ ಅಂತ ಹೋದ ವಾರ ಕೇಳಿದರು. ಕೀಮೋ ಮುಗಿಯಲಿ, ಕೈ ಸಡಿಲಾಗಲಿ, ಆಗ ಎಷ್ಟು ಕೊಟ್ಟರೆ ನಿಮಗೆ ಸಂತೋಷವೋ ಅಷ್ಟು ಕೊಡಿ, ಹೆದರಿ ಒಂದು ರೂಪಾಯಿಯೂ ಬೇಡ ಅಂದೆ. ಆಗಲಿ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ. ಸರದ ವಿಷಯ ಅವರಿಗೆ ಇನ್ನೂ ಹೇಳಿಲ್ಲವಂತೆ.