ಅಜ್ಜಿಯ ಕೌದಿ ತಬ್ಬಿಕೊಂಡರೆ ತಪ್ಪೇನು?

ಪ್ರಶ್ನೆ: ನನಗೆ 32 ವರ್ಷ. ಗದಗಿನ ತವರುಮನೆಯಲ್ಲಿದ್ದೇನೆ. ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ವಿಚ್ಛೇದನದ ಕೇಸ್ ನಡೆಯುತ್ತಿದೆ. ಹಗಲು ಹೇಗೋ ಕಳೆಯುತ್ತದೆ. ಆದರೆ ಕೋರ್ಟಿನ ತಾರೀಖಿನ ಹಿಂದಿನ ರಾತ್ರಿ, ಇಲ್ಲವೇ ಗಂಡನ ಕಡೆಯಿಂದ ಮೆಸೇಜ್ ಬಂದಾಗ ಕೈಕಾಲು ನಡುಗುತ್ತವೆ, ಎದೆ ಬಡಿದುಕೊಳ್ಳುತ್ತದೆ. ಆಗ ತೀರಿಹೋದ ಅಜ್ಜಿ ಹೊಲಿದ ಕೌದಿ ತಬ್ಬಿಕೊಂಡು ಮಲಗುತ್ತೇನೆ. ಸ್ವಲ್ಪ ಸಮಾಧಾನ ಆಗುತ್ತದೆ. ಮೊನ್ನೆ ಅತ್ತಿಗೆ ನೋಡಿ, 'ಇದೇನು ಸಣ್ಣ ಹುಡುಗರ ಹಂಗ? ಗಟ್ಟಿ ಆಗಬೇಕವ್ವ' ಎಂದರು. ಅವತ್ತಿನಿಂದ ನಾಚಿಕೆ. ನಾನು ಸಮಸ್ಯೆಯಿಂದ ತಪ್ಪಿಸಿಕೊಳ್ಳುತ್ತಿದ್ದೇನಾ?

ಉತ್ತರ: ಇಲ್ಲ. ತಾರೀಖಿಗೆ ಹೋಗುತ್ತಿದ್ದೀರಿ, ಕೆಲಸ ಬಿಟ್ಟಿಲ್ಲ, ಹಗಲಿನ ಜವಾಬ್ದಾರಿ ಯಾವುದನ್ನೂ ಕೈಬಿಟ್ಟಿಲ್ಲ. ತಪ್ಪಿಸಿಕೊಳ್ಳುವವರು ಹೀಗಿರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ನಿಮ್ಮ ಕೇಸಿನಲ್ಲಿ ನೀವು ಮಾಡಬಹುದಾದ್ದು ಏನೂ ಇಲ್ಲ. ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದೇ: ಬೆಳಗಿನವರೆಗೆ ನಿಮ್ಮನ್ನು ನೀವು ನೋಡಿಕೊಳ್ಳುವುದು. ಅದನ್ನೇ ಮಾಡುತ್ತಿದ್ದೀರಿ.

ನಾಚಿಕೆ ಬಿಡಿ ಅಂತ ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಪಾಠ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್, ತಡೆಯಲಾರದ ಸಂಕಟದಲ್ಲಿ ಇರುವವರಿಗಾಗಿಯೇ ಒಂದು ಚಿಕಿತ್ಸೆ ರೂಪಿಸಿದರು. 1993ರಲ್ಲಿ ಅದು ಪುಸ್ತಕವಾಗಿ ಬಂತು. ಸಮಸ್ಯೆಯನ್ನು ಈ ಕ್ಷಣಕ್ಕೆ ಬಗೆಹರಿಸಲು ಆಗದಿದ್ದಾಗ, ಇನ್ನಷ್ಟು ಕೆಡಿಸಿಕೊಳ್ಳದೆ ಆ ಹೊತ್ತನ್ನು ದಾಟುವುದು ಹೇಗೆ ಅಂತ ಅದರಲ್ಲಿ ಕಲಿಸುತ್ತಾರೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮದ ಮೂಲಕ ತನ್ನನ್ನು ತಾನು ಸಂತೈಸಿಕೊಳ್ಳುವುದು ಅದರದೇ ಒಂದು ಪಾಠ. ಹದಿಹರೆಯದಲ್ಲಿ ತಾನೂ ಮಾನಸಿಕ ಆಸ್ಪತ್ರೆಯಲ್ಲಿದ್ದೆ ಎಂದು ಅವರು 2011ರಲ್ಲಿ ಎಲ್ಲರೆದುರು ಹೇಳಿಕೊಂಡರು. ನನಗೆ ಅವರ ಮಾತಿನ ಮೇಲೆ ನಂಬಿಕೆ ಜಾಸ್ತಿ ಆಗಿದ್ದು ಅದಕ್ಕೇ.

ನಿಮ್ಮ ಕೈ ನಡುಗುವುದು ದೇಹ ಅಪಾಯ ಬಂತೆಂದು ಎದ್ದು ಕೂತಿರುವುದರ ಗುರುತು. ಆಗ ಉಸಿರು ಮೇಲಕ್ಕೇ ನಿಲ್ಲುತ್ತದೆ, ತಲೆ ಓಡುವುದಿಲ್ಲ. 'ಗಟ್ಟಿ ಆಗು' ಎಂಬ ಮಾತು ಆ ಹೊತ್ತಿನಲ್ಲಿ ಒಳಗೆ ಇಳಿಯುವುದೇ ಇಲ್ಲ. ಕೈಗೆ ಸಿಕ್ಕ ಬಟ್ಟೆ, ಮೂಗಿಗೆ ಬಂದ ವಾಸನೆ ಇಳಿಯುತ್ತವೆ.

ಕೌದಿಯನ್ನೇ ನೋಡಿ. ಹಳೇ ಸೀರೆಗಳ ಪದರಗಳು, ಆ ಭಾರ, ಸಾಲುಸಾಲಾಗಿ ಹಾಕಿದ ಕೈಹೊಲಿಗೆ. ಮುಂದಿನ ಸಲ ಬರೀ ತಬ್ಬಿಕೊಂಡು ಮಲಗಬೇಡಿ. ಹೆಬ್ಬೆರಳನ್ನು ಒಂದು ಹೊಲಿಗೆಯ ಸಾಲಿನ ಮೇಲಿಡಿ. ನಿಧಾನಕ್ಕೆ ಮುಂದೆ ಸರಿಸಿ. ಎಲ್ಲಿ ದಾರ ಉಬ್ಬಿದೆ, ಎಲ್ಲಿ ಬಟ್ಟೆ ಸವೆದು ನುಣುಪಾಗಿದೆ, ಎಲ್ಲಿ ಅಜ್ಜಿ ಗಂಟು ಹಾಕಿ ಬೇರೆ ದಾರ ಶುರು ಮಾಡಿದ್ದಾರೆ, ನೋಡುತ್ತಾ ಹೋಗಿ. ಮನಸ್ಸು ಮತ್ತೆ ಕೋರ್ಟಿಗೆ ಓಡುತ್ತದೆ, ಓಡಲಿ. ಬೆರಳು ಇರುವಲ್ಲಿಗೆ ವಾಪಸ್ ಕರೆದುಕೊಂಡು ಬನ್ನಿ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದ ಇರಲಿ.

ಕೋರ್ಟಿಗೆ ಕೌದಿ ಹೊತ್ತೊಯ್ಯಲು ಆಗುವುದಿಲ್ಲ, ಅಲ್ವಾ? ಅಜ್ಜಿಯ ಹಳೇ ಸೀರೆ ಚೂರೇನಾದರೂ ಮನೆಯಲ್ಲಿದ್ದರೆ ಅಂಗೈ ಅಗಲದ ತುಂಡೊಂದನ್ನು ಅದೇ ಹೊಲಿಗೆಯಲ್ಲಿ ನೀವೇ ಹೊಲಿಯಿರಿ. ಪರ್ಸಿನಲ್ಲಿ ಇರುತ್ತದೆ. ಹೆಸರು ಕೂಗುವವರೆಗೆ ಬೆಂಚಿನ ಮೇಲೆ ಕಾಯುವಾಗ ಬೆರಳಿಗೆ ಕೆಲಸ ಸಿಗುತ್ತದೆ.

ಮೂಗಿನ ವಿಷಯದಲ್ಲಿ ಮಾತ್ರ ಎಚ್ಚರ. ಮಿದುಳಿನಲ್ಲಿ ನೆನಪು, ಭಾವನೆಗಳ ಜಾಗಕ್ಕೆ ವಾಸನೆ ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಹಾಗಾಗಿ ಅದು ಬೇಗ ತಣಿಸುತ್ತದೆ, ಅಷ್ಟೇ ಬೇಗ ಕೆದಕುತ್ತದೆ. ಗಂಡನ ಮನೆಯಲ್ಲಿ ಹಚ್ಚುತ್ತಿದ್ದ ಊದುಬತ್ತಿ, ಬಳಸುತ್ತಿದ್ದ ಸೋಪು ಈಗಲೂ ನಿಮ್ಮ ಕೋಣೆಯಲ್ಲಿದ್ದರೆ ಇವತ್ತೇ ಬದಲಿಸಿ. ಹೂವಿನ ಜೊತೆ ಒಂದೆರಡು ಎಳೆ ಮರುಗ ತಂದಿಟ್ಟುಕೊಳ್ಳಿ. ಎಲೆ ಹೊಸಕಿ ಮೂಸಿದರೆ ಸಾಕು.

ಹಾಡು ಕೇಳುವುದಾದರೆ ಸಾಹಿತ್ಯ ಇರುವ ಹಾಡು ಬೇಡ, ಒಂದು ಸಾಲು ಸಾಕು ಮತ್ತೆ ಅಳಿಸಲು. ನಿಮ್ಮ ಗದಗ ಸೀಮೆಯವರೇ ಆದ ಭೀಮಸೇನ ಜೋಶಿಯವರ ನಿಧಾನದ ಆಲಾಪ ಹಾಕಿಕೊಳ್ಳಿ. ಬರೀ ತಂಬೂರಿಯ ಶ್ರುತಿಯಾದರೂ ಆದೀತು. ಬಾಯಿಗೆ ಒಂದು ಚೂರು ಬೆಲ್ಲ, ಪೂರ್ತಿ ಕರಗುವವರೆಗೆ. ತಿನ್ನುವುದನ್ನೇ ಸಮಾಧಾನ ಮಾಡಿಕೊಳ್ಳಬೇಡಿ. ಕಣ್ಣಿಗೆ ಮೊಬೈಲ್ ಒಂದು ಬಿಟ್ಟು ಏನಾದರೂ ಸರಿ.

ನಡುಕ ತೀರಾ ಜಾಸ್ತಿ ಆದರೆ ಉಸಿರು ಹಿಡಿದು, ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣು, ಕೆನ್ನೆಗೆ ಸ್ವಲ್ಪ ಹೊತ್ತು ಒತ್ತಿಕೊಳ್ಳಿ. ಎದೆಬಡಿತ ಇಳಿಯುತ್ತದೆ. ಹೃದಯದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಹಗಲೂ ಹಾಸಿಗೆಯಿಂದ ಏಳಲಾಗದಿದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿ, ನಿಮ್ಮೂರಿಗೆ ದೂರವಲ್ಲ. ಬದುಕೇ ಬೇಡ ಅನ್ನಿಸಿದರೆ ಒಂದು ಗಳಿಗೆಯೂ ಒಬ್ಬರೇ ಇರಬೇಡಿ. ಅತ್ತಿಗೆಯನ್ನೇ ಎಬ್ಬಿಸಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ-ಮಾನಸ್. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅತ್ತಿಗೆ ಹೇಳಿದ್ದು ಕಾಳಜಿಯಿಂದಲೇ ಇರಬೇಕು. 'ಇದರಿಂದ ನನಗ ನಿದ್ದಿ ಬರ್ತದ' ಅಂತ ಒಂದೇ ಮಾತು ಹೇಳಿ, ವಾದ ಬೇಡ.

ಇನ್ನೊಂದು. ರಾತ್ರಿ ಬಂದ ಮೆಸೇಜಿಗೆ ರಾತ್ರಿಯೇ ಉತ್ತರ ಕೊಡಬೇಡಿ. ಆ ನಂಬರಿನ ಸದ್ದು ನಿಲ್ಲಿಸಿಡಿ, ಮೆಸೇಜ್ ಅಳಿಸಬೇಡಿ, ಕೇಸಿಗೆ ಬೇಕಾಗಬಹುದು. ಕೇಸಿನ ಮಾತೇನಿದ್ದರೂ ನಿಮ್ಮ ವಕೀಲರ ಮೂಲಕವೇ ಬರುವ ಹಾಗೆ ಮಾಡಲು ಸಾಧ್ಯವಾ ಅಂತ ನಾಳೆಯೇ ಅವರನ್ನು ಕೇಳಿ.