ಸೆವೆನ್ ಕಾರ್ಡ್ ಸ್ಟಡ್: ದೊಡ್ಡ ಮೇಜಿಗೆ ಕೂರುವ ಮೊದಲು

ನೀವು ಕೇಳಿರುವುದು ಇಷ್ಟು: ಪೋಕರ್‌ನಲ್ಲಿ ಹೋಲ್ಡೆಮ್ ಎಂಬ ಬಗೆ ಚೆನ್ನಾಗಿ ಗೊತ್ತು, ಮುಂದಿನ ಬೇಸಿಗೆಯಲ್ಲಿ ಲಾಸ್ ವೇಗಸ್‌ಗೆ ಹೋದಾಗ ದೊಡ್ಡ ಲಿಮಿಟ್‌ನ (ಅಂದರೆ ಬೆಟ್‌ನ ಮೊತ್ತ ಮೊದಲೇ ಗೊತ್ತಾಗಿರುವ) ಸೆವೆನ್ ಕಾರ್ಡ್ ಸ್ಟಡ್ ಎಂಬ ಇನ್ನೊಂದು ಬಗೆಯ ಮೇಜಿನಲ್ಲಿ ಕೂರುವ ಆಸೆ ಇದೆ, ಅಲ್ಲಿ ಹೇಗೆ ಆಡಬೇಕು, ಹೇಗೆ ನಡೆದುಕೊಳ್ಳಬೇಕು?

ನಾನು ನ್ಯೂಜೆರ್ಸಿಯಲ್ಲಿರುವವನು, ಅಟ್ಲಾಂಟಿಕ್ ಸಿಟಿಯ ಮೇಜುಗಳಲ್ಲಿ ಈ ಆಟ ಕಲಿತವನು. 20–40 ಡಾಲರ್‌ನ ಮೇಜಿನಲ್ಲಿ (ಮೊದಲ ಸುತ್ತುಗಳಲ್ಲಿ ಬೆಟ್ 20, ಆಮೇಲೆ 40) ಶುರು ಮಾಡಿ 75–150ರಲ್ಲಿ ಬಹಳ ಕಾಲ ಆಡಿದ್ದೇನೆ, ಅಪರೂಪಕ್ಕೆ 300–600ರಲ್ಲೂ ಕೂತಿದ್ದೇನೆ. ಈ ಆಟದ ಮೇಲೆ ನನಗೆ ತುಂಬಾ ಪ್ರೀತಿ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಒಂದು ಮಾತು. ಸ್ಟಡ್‌ನಲ್ಲಿ ತಂತ್ರ ಬೇರೆ, ಮೇಜಿನ ನಡವಳಿಕೆ ಬೇರೆ ಅಲ್ಲ. ಎರಡಕ್ಕೂ ಬೇರು ಒಂದೇ: ಮೇಜಿನ ಮೇಲೆ ಬಿಚ್ಚಿ ಬಿದ್ದಿರುವ ಎಲೆಗಳು. ಅವನ್ನು ನೋಡಿ ನೆನಪಿಟ್ಟುಕೊಳ್ಳುವುದು ತಂತ್ರ. ಅವುಗಳಿಂದ ಇನ್ನೊಬ್ಬರಿಗೆ ಸಿಗಬಾರದ ಸುಳಿವು ಸಿಗದಂತೆ ನೋಡಿಕೊಳ್ಳುವುದು ನಡವಳಿಕೆ. ಹೋಲ್ಡೆಮ್‌ನಿಂದ ಬಂದವರು ಸೋಲುವುದು ಹೆಚ್ಚಾಗಿ ಇಲ್ಲೇ. ತಮ್ಮ ಎರಡು ಎಲೆ, ನಡುವಿನ ಐದು ಎಲೆ ನೋಡಿ ರೂಢಿಯಾದ ಕಣ್ಣಿಗೆ ಸುತ್ತಲಿನ ಏಳು ಜನರ ಮುಂದೆ ಬಿದ್ದದ್ದು ಕಾಣುವುದೇ ಇಲ್ಲ.

ಆಟದ ಚೌಕಟ್ಟು ಚುಟುಕಾಗಿ ಹೇಳಿಬಿಡುತ್ತೇನೆ. ಎಲ್ಲರೂ ಆಂಟಿ, ಅಂದರೆ ಎಲೆ ಹಂಚುವ ಮೊದಲೇ ಒಂದು ಸಣ್ಣ ಮೊತ್ತ, ಹಾಕುತ್ತಾರೆ. ಎರಡು ಎಲೆ ಮುಚ್ಚಿ, ಒಂದು ಬಿಚ್ಚಿ ಹಾಕುತ್ತಾರೆ, ಇದು ಥರ್ಡ್ ಸ್ಟ್ರೀಟ್. ಬಿಚ್ಚಿದ್ದರಲ್ಲಿ ಎಲ್ಲಕ್ಕಿಂತ ಚಿಕ್ಕ ಎಲೆ ಯಾರದೋ ಅವರು ಬ್ರಿಂಗ್-ಇನ್, ಅಂದರೆ ಕಡ್ಡಾಯದ ಮೊದಲ ಸಣ್ಣ ಬೆಟ್, ಕೊಡಲೇಬೇಕು. ಇಬ್ಬರದು ಒಂದೇ ಸಂಖ್ಯೆಯಾದರೆ ಕ್ಲಾವರ್ ಎಲ್ಲಕ್ಕಿಂತ ಕೆಳಗೆ, ಆಮೇಲೆ ಡೈಮಂಡ್, ಆಟೀನ್, ಇಸ್ಪೀಟ್. ನಾಲ್ಕು, ಐದು, ಆರನೇ ಎಲೆ ಬಿಚ್ಚಿ ಬರುತ್ತವೆ, ಏಳನೆಯದು ಮತ್ತೆ ಮುಚ್ಚಿ. ನಾಲ್ಕನೇ ಎಲೆಯಿಂದ ಮುಂದೆ, ಎದುರಿಗೆ ದೊಡ್ಡ ಕೈ ತೋರಿಸುತ್ತಿರುವವರೇ ಮೊದಲು ಆಡಬೇಕು. ಹಾಗಾಗಿ ಇಲ್ಲಿ ಹೋಲ್ಡೆಮ್‌ನ ಹಾಗೆ ಸರದಿ ಗೊತ್ತುಮಾಡುವ ಬಟನ್ ಇಲ್ಲ, ಸರದಿ ಪ್ರತಿ ಎಲೆಗೂ ಬದಲಾಗಬಹುದು. 300–600 ಅಂದರೆ ಮೂರು ಮತ್ತು ನಾಲ್ಕನೇ ಎಲೆಗೆ 300, ಐದರಿಂದ ಏಳರವರೆಗೆ 600. ನಾಲ್ಕನೇ ಎಲೆಗೇ ಯಾರಿಗಾದರೂ ಬಿಚ್ಚಿದ ಜೋಡಿ ಬಂದರೆ ಅಲ್ಲೇ 600 ಕಟ್ಟುವ ಅವಕಾಶ ಇರುತ್ತದೆ.

ಈಗ ಮುಖ್ಯ ವಿಷಯ. ಎಂಟು ಜನರ ಮೇಜಿನಲ್ಲಿ ಮೊದಲ ನಿರ್ಧಾರಕ್ಕೆ ಮುಂಚೆಯೇ ನೀವು ಹತ್ತು ಎಲೆ ನೋಡಿರುತ್ತೀರಿ: ನಿಮ್ಮ ಮೂರು, ಉಳಿದವರ ಏಳು. ನಿಮ್ಮ ಕೈಯಲ್ಲಿ ಮೂರು ಆಟೀನ್ ಇದೆ ಅಂದುಕೊಳ್ಳಿ. ಉಳಿದ ಏಳರಲ್ಲಿ ಒಂದೂ ಆಟೀನ್ ಕಾಣದಿದ್ದರೆ, ಕೊನೆಯವರೆಗೆ ಉಳಿದರೆ ಫ್ಲಶ್ (ಒಂದೇ ಗುರುತಿನ ಐದು ಎಲೆ) ಆಗುವ ಸಾಧ್ಯತೆ ನೂರಕ್ಕೆ ಸುಮಾರು 23.6. ಅದರ ಬದಲು ಬೇರೆ ಮೂರು ಆಟೀನ್ ಇತರರ ಮುಂದೆ ಬಿದ್ದಿದ್ದರೆ 12.3. ಕೈಯಲ್ಲಿರುವ ಎಲೆ ಒಂದೇ, ಬೆಲೆ ಅರ್ಧ! ಜೋಡಿಯ ಕಥೆಯೂ ಹೀಗೆಯೇ. ನಿಮ್ಮದು ರಾಜನ ಜೋಡಿ, ಉಳಿದ ಎರಡು ರಾಜ ಎಲ್ಲೂ ಕಾಣದಿದ್ದರೆ ಮುಂದಿನ ನಾಲ್ಕು ಎಲೆಯಲ್ಲಿ ಮೂರನೇ ರಾಜ ಬರುವ ಸಾಧ್ಯತೆ ಸುಮಾರು ಶೇ. 18. ಒಂದು ರಾಜ ಎದುರಿಗಿದ್ದವರ ಮುಂದೆ ಬಿದ್ದಿದ್ದರೆ ಶೇ. 9.5ಕ್ಕೆ ಇಳಿಯುತ್ತದೆ. ಆಟಗಾರರು ಇದನ್ನೇ ಲೈವ್ ಎಲೆ, ಡೆಡ್ ಎಲೆ ಅನ್ನುತ್ತಾರೆ. ದೊಡ್ಡ ಮೇಜಿನಲ್ಲಿ ಕೂತವರು ‘ನನ್ನ ಕೈ ಒಳ್ಳೆಯದಾ’ ಎಂದು ಯೋಚಿಸುವುದಿಲ್ಲ, ‘ಇದಕ್ಕೆ ಬೇಕಾದ ಎಲೆ ಕಟ್ಟಿನಲ್ಲಿ ಇನ್ನೂ ಇದೆಯಾ’ ಎಂದು ಯೋಚಿಸುತ್ತಾರೆ.

ಕಷ್ಟವೇನೆಂದರೆ, ಯಾರಾದರೂ ಪ್ಯಾಕ್ ಮಾಡಿದ ತಕ್ಷಣ ಅವರ ಎಲೆ ಮಾಯ. ಮತ್ತೆ ನೋಡಲು ಸಿಗದು, ಡೀಲರ್ ಹೇಳುವುದೂ ಇಲ್ಲ. ಊರಲ್ಲಿ ರಮ್ಮಿ ಆಡಿ ಬೆಳೆದವರಿಗೆ ಇಲ್ಲಿ ಒಂದು ಅನುಕೂಲ ಇದೆ ಅಂತ ನನ್ನ ಅನಿಸಿಕೆ. ಯಾರು ಯಾವ ಎಲೆ ಎತ್ತಿದರು, ಯಾವುದನ್ನು ಬಿಸಾಕಿದರು ಎಂದು ಗಮನಿಸುವ ಅಭ್ಯಾಸ ಆಗಲೇ ಇರುತ್ತದೆ. ನಾನು ಮಾಡುವುದು ಹೀಗೆ: ಎಡಗಡೆಯಿಂದ ಸುತ್ತು ಹೊಡೆದು ಮೊದಲು ನನ್ನ ಕೈಗೆ ಸಂಬಂಧಿಸಿದ ಸಂಖ್ಯೆ, ಬಣ್ಣ (ಆಟೀನ್, ಇಸ್ಪೀಟ್ ಮುಂತಾದ ಗುರುತು) ಎಷ್ಟು ಹೋಗಿವೆ ಅಂತ ಲೆಕ್ಕ ಹಾಕುತ್ತೇನೆ. ಆಮೇಲೆ ಎಕ್ಕ, ರಾಜ, ರಾಣಿ ಎಲ್ಲೆಲ್ಲಿ ಬಿದ್ದಿವೆ ಅಂತ. ‘ಆಟೀನ್ ಎರಡು, ರಾಣಿ ಒಂದು, ಒಂಬತ್ತು ಒಂದು’ ಅಂತ ಮನಸ್ಸಿನಲ್ಲೇ ಒಂದೇ ಸಾಲಾಗಿ ಹೇಳಿಕೊಳ್ಳುತ್ತೇನೆ, ಹೊಸ ಎಲೆ ಬಂದ ಹಾಗೆ ಆ ಸಾಲು ತಿದ್ದುತ್ತೇನೆ. ನಾನು ಪ್ಯಾಕ್ ಮಾಡಿದ ಕೈಯಲ್ಲೂ ಬಿಡುವುದಿಲ್ಲ. ಅಭ್ಯಾಸ ತಪ್ಪಬಾರದು ಎಂಬುದು ಒಂದು ಕಾರಣ. ಕೊನೆಯಲ್ಲಿ ಯಾರು ಯಾವ ಕೈ ತೋರಿಸುತ್ತಾರೆ ಅನ್ನುವುದರಿಂದ ಅವರು ಮೂರನೇ ಎಲೆಗೆ ಯಾವುದರ ಮೇಲೆ ನಿಂತಿದ್ದರು ಎಂದು ಹಿಂದಕ್ಕೆ ಓದಬಹುದು ಎಂಬುದು ಇನ್ನೊಂದು.

ಜೋಡಿಗಳ ಬಗ್ಗೆ ಇನ್ನೊಂದು ಮಾತು. ಜೋಡಿ ಪೂರ್ತಿ ಮುಚ್ಚಿದ ಎಲೆಗಳಲ್ಲಿದ್ದರೆ ಅದರ ಬೆಲೆ ಹೆಚ್ಚು, ಯಾಕೆಂದರೆ ಮೂರನೆಯದು ಬಿಚ್ಚಿ ಬಂದರೂ ಎದುರಿನವರಿಗೆ ಅದು ಬರಿಯ ಒಂದು ಒಂಟಿ ಎಲೆ. ಇದೇ ಮಾತನ್ನು ತಿರುಗಿಸಿ ನೋಡಿ. ಎದುರಿನವನು ಜೋಡಿ ಹಿಡಿದು ಶುರು ಮಾಡಿದ್ದಾನೆ ಅಂದುಕೊಂಡರೆ, ಅವನ ಬಿಚ್ಚಿದ ಮೊದಲ ಎಲೆ ಆ ಜೋಡಿಯಲ್ಲೇ ಇರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಆದ್ದರಿಂದ ನಾಲ್ಕನೇ ಸುತ್ತಿನಲ್ಲಿ ಅವನಿಗೆ ಅದೇ ಸಂಖ್ಯೆ ಮತ್ತೆ ಬಂದರೆ, ಕಣ್ಣಿಗೆ ಕಾಣುವುದು ಜೋಡಿಯಾದರೂ ಕೈಯಲ್ಲಿ ಮೂರು ಇರಬಹುದು ಎಂದೇ ನಡೆಯಬೇಕು. ನಿಮ್ಮಲ್ಲಿ ಅದಕ್ಕಿಂತ ದೊಡ್ಡ ಜೋಡಿ ಇದ್ದರೂ, ಎದುರಿನವನು ಎಚ್ಚರಿಕೆಯ ಆಟಗಾರನಾದರೆ, ಅಲ್ಲೇ ಬಿಡುವುದು ಸರಿ. ಅವನು 600 ಕಟ್ಟಿದಾಗ ‘ನನ್ನ ಹತ್ತಿರ ಎಕ್ಕದ ಜೋಡಿ ಇದೆಯಲ್ಲಾ’ ಎಂದು ಹಿಂದೆ ಹೋಗುವವರನ್ನು ಪ್ರತಿ ರಾತ್ರಿ ನೋಡುತ್ತೇನೆ. ಆದರೆ ಆ ಸಂಖ್ಯೆಯ ಇನ್ನೊಂದು ಎಲೆ ಆಗಲೇ ಬೇರೊಬ್ಬರ ಮುಂದೆ ಬಿದ್ದು ಹೋಗಿದ್ದನ್ನು ನೀವು ನೆನಪಿಟ್ಟಿದ್ದರೆ ಲೆಕ್ಕವೇ ಬೇರೆ. ಅವನಿಗೆ ಮೂರನೆಯದು ಇರಬೇಕೆಂದರೆ ಉಳಿದಿರುವುದು ಒಂದೇ ಒಂದು ಎಲೆ. ಆಗ ನಿಲ್ಲಬಹುದು, ಕೆಲವೊಮ್ಮೆ ಏರಿಸಲೂಬಹುದು.

ಆಂಟಿ ಕದಿಯುವುದು ದೊಡ್ಡ ಮೇಜಿನಲ್ಲಿ ಆಟದ ಅರ್ಧ ಭಾಗ. 300–600ರಲ್ಲಿ ಆಂಟಿ 50, ಬ್ರಿಂಗ್-ಇನ್ 100 ಅಂತ ಇಟ್ಟುಕೊಳ್ಳೋಣ. ಎಂಟು ಜನರಾದರೆ ಯಾರೂ ಏನೂ ಮಾಡುವ ಮೊದಲೇ ಪಾಟ್‌ನಲ್ಲಿ, ಅಂದರೆ ಗೆದ್ದವರಿಗೆ ಸಿಗುವ ರಾಶಿಯಲ್ಲಿ, 500 ಡಾಲರ್. ನೀವು 300ಕ್ಕೆ ಏರಿಸಿದಾಗ ನೂರರಲ್ಲಿ 38 ಸಲ ಎಲ್ಲರೂ ಬಿಟ್ಟುಕೊಟ್ಟರೆ ಸಾಕು, ಉಳಿದ ಕೈಗಳಲ್ಲಿ ಒಂದನ್ನೂ ಗೆಲ್ಲದಿದ್ದರೂ ಆ 300ರಿಂದ ನಷ್ಟವಿಲ್ಲ. ಹಾಗಾಗಿ ನಿಮ್ಮ ಮುಂದೆ ಎಕ್ಕವೋ ರಾಜನೋ ಇದ್ದು, ನಿಮ್ಮ ನಂತರ ಆಡಬೇಕಾದವರ ಮುಂದೆಲ್ಲ ಸಣ್ಣ ಎಲೆಗಳೇ ಇದ್ದರೆ, ಮುಚ್ಚಿದ್ದು ಏನೇ ಇರಲಿ ಏರಿಸುವವರು ಇದ್ದಾರೆ. ಇದನ್ನು ತಿಳಿದೇ ಇತರರು ನಿಮ್ಮ ಮೇಲೆ ಮತ್ತೆ ಏರಿಸುತ್ತಾರೆ. ಸುಮ್ಮನೆ ಒಳ್ಳೆಯ ಕೈಗೆ ಕಾದು ಕೂತರೆ ಆಂಟಿಯೇ ನಿಮ್ಮನ್ನು ತಿಂದುಹಾಕುತ್ತದೆ.

ಐದನೇ ಎಲೆ ಬಂದಾಗ ನಿಂತು ಯೋಚಿಸಿ. ಬೆಟ್ ಇಮ್ಮಡಿಯಾಗುವುದು ಅಲ್ಲೇ. ಅಲ್ಲಿ 600 ಕೊಟ್ಟು ಮುಂದೆ ಹೋದವರು ಹೆಚ್ಚಾಗಿ ಏಳರವರೆಗೆ ಹೋಗುತ್ತಾರೆ, ಅಂದರೆ ನಿಜವಾದ ಬೆಲೆ 1,800. ನನ್ನ ಪ್ರಕಾರ ಈ ಆಟದಲ್ಲಿ ಹಣ ಉಳಿಯುವುದೂ ಕಳೆಯುವುದೂ ಐದನೇ ಎಲೆಯ ನಿರ್ಧಾರದಲ್ಲೇ. ಏಳನೆಯದರಲ್ಲಿ ಉಲ್ಟಾ. ಪಾಟ್‌ನಲ್ಲಿ 5,400 ಇದ್ದು 600 ಕೊಟ್ಟು ನೋಡಬೇಕಾದರೆ ಹತ್ತರಲ್ಲಿ ಒಂದು ಸಲ ಗೆದ್ದರೂ ಸರಿಸಮ. ಅಲ್ಲಿ ಜಾಣತನ ತೋರಿಸಲು ಹೋಗಿ ಗೆಲ್ಲುವ ಕೈ ಬಿಸಾಕಬೇಡಿ.

ಲಿಮಿಟ್ ದೊಡ್ಡದಾದರೆ ಈ ಅಂಕಿ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಒಂದು ನಿಜವಾದ ಮೇಜಿನ ಉದಾಹರಣೆ ಇದೆ. ಪ್ರಕಾಶಕ ಲ್ಯಾರಿ ಫ್ಲಿಂಟ್‌ಗೆ ಸ್ಟಡ್ ಎಂದರೆ ಪ್ರಾಣವಾಗಿತ್ತು. ಕ್ಯಾಲಿಫೋರ್ನಿಯಾದ ಗಾರ್ಡೀನಾದಲ್ಲಿ 2000ದಲ್ಲಿ ತಮ್ಮದೇ ಕ್ಯಾಸಿನೊ ತೆರೆದು 1,500–3,000 ಡಾಲರ್ ಲಿಮಿಟ್‌ನ ಸ್ಟಡ್ ಆಡಿಸುತ್ತಿದ್ದರು. ಫಿಲ್ ಐವಿ, ಬ್ಯಾರಿ ಗ್ರೀನ್‌ಸ್ಟೀನ್, ಟೆಡ್ ಫಾರೆಸ್ಟ್ ಅಂಥ ಹೆಸರಾಂತ ಆಟಗಾರರು ಅಲ್ಲಿ ಆಡಿದ್ದಾರೆ. ಐದರಿಂದ ಏಳರವರೆಗೆ ಏರಿಸದೆ ಒಂದೊಂದು ಬೆಟ್ ಬರೀ ಕೊಟ್ಟುಕೊಂಡು ಹೋದರೂ 9,000 ಡಾಲರ್. 2003ರಲ್ಲಿ ಹವ್ಯಾಸಿ ಆಟಗಾರ ಕ್ರಿಸ್ ಮನಿಮೇಕರ್ ಪೋಕರ್‌ನ ವರ್ಲ್ಡ್ ಸೀರೀಸ್ ಗೆದ್ದ ಮೇಲೆ ಜಗತ್ತೆಲ್ಲ ಬೆಟ್‌ಗೆ ಮಿತಿಯಿಲ್ಲದ ನೋ-ಲಿಮಿಟ್ ಹೋಲ್ಡೆಮ್‌ನ ಹಿಂದೆ ಓಡಿತು, ಸ್ಟಡ್ ಮೇಜುಗಳು ಒಂದೊಂದಾಗಿ ಕಡಿಮೆಯಾದವು. ಅದಕ್ಕೇ ಈಗ ಸ್ಟಡ್ ಮೇಜಿನಲ್ಲಿ ಕೂತಿರುವವರು ಹೆಚ್ಚಾಗಿ ದಶಕಗಳಿಂದ ಆಡಿದ ಹಳಬರು. ಅವರ ವಯಸ್ಸು ನೋಡಿ ಸುಲಭದ ತುತ್ತು ಅಂದುಕೊಳ್ಳಬೇಡಿ.

ನಡವಳಿಕೆಗೆ ಬರುತ್ತೇನೆ. ನಿಮಗೆ ನಿಜವಾಗಿ ಹೊಸದೆನಿಸುವುದು ಇದು.

ನಿಮ್ಮ ಬಿಚ್ಚಿದ ಎಲೆಗಳನ್ನು ಮೇಜಿನಿಂದ ಎತ್ತಬೇಡಿ. ಎದುರಿನವರು ಬೆಟ್ ಕಟ್ಟಿರುವಾಗ ಅವನ್ನು ಕೈಗೆ ತೆಗೆದುಕೊಂಡರೆ ಪ್ಯಾಕ್ ಮಾಡಿದಂತೆ, ಕೈ ಸತ್ತಂತೆ. ಎಷ್ಟೇ ವಾದಿಸಿದರೂ ಫ್ಲೋರ್‌ಮ್ಯಾನ್ (ಮೇಜುಗಳ ಮೇಲ್ವಿಚಾರಕ) ಒಪ್ಪುವುದಿಲ್ಲ. ಸರದಿ ಪ್ರತಿ ಎಲೆಗೂ ಬದಲಾಗುವುದರಿಂದ ಡೀಲರ್ ಯಾರು ಮೊದಲು ಎಂದು ಹೇಳುವವರೆಗೆ ಕಾಯಿರಿ. ಹೋಲ್ಡೆಮ್‌ನವರು ಬಟನ್ ಇದೆ ಅನ್ನುವ ಹಾಗೆ ಮುಂಚೆಯೇ ಚಿಪ್ಸ್ ಹಾಕಿಬಿಡುತ್ತಾರೆ, ಹಿಂದಿರುವವರಿಗೆ ಅದರಿಂದ ಅನ್ಯಾಯವಾಗುತ್ತದೆ. ಚಿಪ್ಸ್ ಪಾಟ್‌ಗೆ ಎರಚಬೇಡಿ, ನಿಮ್ಮ ಮುಂದೆ ನೀಟಾಗಿ ಇಡಿ.

ಪ್ಯಾಕ್ ಮಾಡಿದ ಮೇಲೆ ನಿಮ್ಮ ಮುಚ್ಚಿದ ಎಲೆ ಏನಿತ್ತು ಎಂದು ಯಾವ ಕಾರಣಕ್ಕೂ ಬಾಯಿ ಬಿಡಬೇಡಿ. ಹೋಲ್ಡೆಮ್‌ನಲ್ಲೂ ಇದು ತಪ್ಪೇ, ಸ್ಟಡ್‌ನಲ್ಲಿ ಮಹಾಪರಾಧ. ಮೇಲೆ ಹೇಳಿದ ಅಂಕಿಗಳನ್ನು ನೋಡಿ. ‘ಅಯ್ಯೋ, ನಾನು ಎರಡು ಆಟೀನ್ ಬಿಟ್ಟೆ’ ಎಂಬ ಒಂದೇ ಮಾತು ಇನ್ನೂ ಆಡುತ್ತಿರುವ ಇಬ್ಬರ ನಡುವಿನ ಸಾವಿರಾರು ಡಾಲರ್‌ನ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತದೆ. ನಿಟ್ಟುಸಿರು, ತಲೆ ಅಲ್ಲಾಡಿಸುವುದು, ನಗು, ಇವೂ ಮಾತಿನಷ್ಟೇ.

ಗೆಳೆಯರ ಜೊತೆ ಹೋಗುವುದಾದರೆ ಇದನ್ನೂ ಗಮನಿಸಿ: ಕೈ ನಡೆಯುತ್ತಿರುವಾಗ ಅಮೆರಿಕದ ಕ್ಯಾಸಿನೊಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ. ನೀವು ‘ಊಟಕ್ಕೆ ಯಾವಾಗ ಹೋಗೋಣ’ ಎಂದು ಕನ್ನಡದಲ್ಲಿ ಕೇಳಿದರೂ ಡೀಲರ್ ತಡೆಯುತ್ತಾರೆ, ತಡೆಯಬೇಕಾದ್ದೇ. ಅರ್ಥವಾಗದ ಭಾಷೆಯಲ್ಲಿ ಇಬ್ಬರು ಮಾತಾಡುತ್ತಿದ್ದರೆ ದುಡ್ಡು ಕಟ್ಟಿದ ಆರು ಜನರಿಗೆ ಅನುಮಾನ ಬರುವುದು ಸಹಜ. ಎದ್ದು ಬಂದು ಮಾತಾಡಿ.

ನಿಮ್ಮ ಮುಚ್ಚಿದ ಎಲೆಗಳನ್ನು ಒಮ್ಮೆ ಸರಿಯಾಗಿ ನೋಡಿ, ಬಣ್ಣ ಸಮೇತ ನೆನಪಿಡಿ, ಮತ್ತೆ ನೋಡಬೇಡಿ. ಇದು ಶಿಸ್ತೂ ಹೌದು, ರಕ್ಷಣೆಯೂ ಹೌದು. ತನ್ನ ಮುಂದೆ ಮೂರನೇ ಆಟೀನ್ ಬಿದ್ದ ಕ್ಷಣ ಒಬ್ಬ ತನ್ನ ಮುಚ್ಚಿದ ಎಲೆಯ ಮೂಲೆ ಎತ್ತಿ ನೋಡಿದರೆ, ಒಳಗೆ ಆಟೀನ್ ಇದೆಯಾ ಎಂದು ಹುಡುಕುತ್ತಿದ್ದಾನೆ ಎಂದರ್ಥ. ಫ್ಲಶ್ ಆಗಲೇ ಆಗಿದ್ದವನಿಗೆ ನೋಡುವ ಅಗತ್ಯ ಇರುವುದಿಲ್ಲ. ಏಳನೇ ಎಲೆಯಲ್ಲೂ ಹಾಗೆಯೇ: ಅದೊಂದನ್ನೇ ಆತುರದಿಂದ ಬಗ್ಗಿಸಿ ನೋಡುವವನು ಏನನ್ನೋ ಕಾಯುತ್ತಿದ್ದವನು. ಅದಕ್ಕೇ ಅನುಭವಿಗಳು ಮುಚ್ಚಿದ ಮೂರನ್ನೂ ಸೇರಿಸಿ ಕಲಸಿ, ನಿಧಾನವಾಗಿ ಒಂದೊಂದಾಗಿ ನೋಡುತ್ತಾರೆ. ಈ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಕೊನೆಯಲ್ಲಿ ತೋರಿಸುವಾಗ ಏಳೂ ಎಲೆ ಬಿಚ್ಚಿ ಇಡಿ. ‘ಎರಡು ಜೋಡಿ’ ಎಂದು ಬಾಯಲ್ಲಿ ಹೇಳಿ ಬಿಸಾಕಬೇಡಿ. ಏಳರಲ್ಲಿ ಐದು ಆರಿಸುವಾಗ ಕಣ್ತಪ್ಪಿ ಸ್ಟ್ರೇಟ್ (ಒಂದರ ನಂತರ ಒಂದು ಬರುವ ಐದು ಸಂಖ್ಯೆ) ಕಾಣದೆ ಹೋಗುವುದು ಸಾಮಾನ್ಯ. ಎಲೆ ಬಿಚ್ಚಿಟ್ಟರೆ ಬಾಯಿ ತಪ್ಪಿದರೂ ಎಲೆಯ ಮಾತೇ ಕೊನೆ. ಗೆದ್ದಿದ್ದೀರಿ ಎಂದು ಗೊತ್ತಿದ್ದೂ ಎದುರಿನವರನ್ನು ಕಾಯಿಸಿ, ಆಸೆ ಹುಟ್ಟಿಸಿ ತೋರಿಸುವ ಚಾಳಿ ಮಾತ್ರ ಬೇಡವೇ ಬೇಡ. ಅದಕ್ಕಿಂತ ಕೀಳಾದದ್ದು ಈ ಮೇಜಿನಲ್ಲಿ ಇಲ್ಲ.

ಸೋತವರಿಗೆ ಪಾಠ ಹೇಳಬೇಡಿ. ಯಾರೋ ಸತ್ತ ಎಲೆಗಳನ್ನು ಬೆನ್ನಟ್ಟಿ ಕೊನೆಯಲ್ಲಿ ಅದೃಷ್ಟದಿಂದ ನಿಮ್ಮನ್ನು ಸೋಲಿಸಿದರೆ ಸುಮ್ಮನೆ ಮುಂದಿನ ಆಂಟಿ ಹಾಕಿ. ಈ ವಿಷಯದಲ್ಲಿ ಹಳಬರು ನೆನೆಯುವ ಹೆಸರು ಚಿಪ್ ರೀಸ್. ಸ್ಟಡ್‌ನ ಮಹಾ ಆಟಗಾರ. 2006ರಲ್ಲಿ ವರ್ಲ್ಡ್ ಸೀರೀಸ್‌ನ ಮೊದಲ 50,000 ಡಾಲರ್ ಪ್ರವೇಶದ ಹಾರ್ಸ್ ಪಂದ್ಯ, ಅಂದರೆ ಸ್ಟಡ್ ಸೇರಿ ಐದು ಬಗೆಯ ಪೋಕರ್‌ನ ಪಂದ್ಯ, ಗೆದ್ದವರು. ಮರುವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇಂದಿಗೂ 50,000 ಡಾಲರ್‌ನ ಪೋಕರ್ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಗೆದ್ದವರಿಗೆ ಕೊಡುವ ಟ್ರೋಫಿ ಅವರ ಹೆಸರಿನಲ್ಲೇ ಇದೆ. ಸೋಲುವ ರಾತ್ರಿಯಲ್ಲೂ ಅವರ ಸಮಾಧಾನ ಕದಡುತ್ತಿರಲಿಲ್ಲ ಎಂದು ಜೊತೆಗೆ ಆಡಿದವರು ಹೇಳುತ್ತಾರೆ. ನನಗೆ ಅವರ ಗೆಲುವಿಗಿಂತ ದೊಡ್ಡದಾಗಿ ಕಾಣುವುದು ಅದೇ. ಕೋಪದಲ್ಲಿರುವವನಿಗೆ ಎದುರಿನ ಎಲೆ ಕಾಣುವುದಿಲ್ಲ, ಎಲೆ ಕಾಣದವನಿಗೆ ಈ ಆಟವಿಲ್ಲ.

ನಿಮ್ಮ ಯೋಜನೆಗೆ ನನ್ನ ಸಲಹೆ: ಇಳಿದ ದಿನವೇ ದೊಡ್ಡ ಮೇಜಿಗೆ ಹೋಗಬೇಡಿ. 20–40 ಸಿಕ್ಕರೆ ಅಲ್ಲಿ ಕೆಲವು ದಿನ ಕೂತು, ಸರದಿ ಮತ್ತು ಎಲೆಗಳ ಲೆಕ್ಕ ಕೈಗೆ ಹತ್ತಲಿ. ಕಳೆದುಕೊಂಡರೆ ಮನೆಯ ಖರ್ಚಿಗೆ ತಟ್ಟುವಂಥ ದುಡ್ಡು ತರಲೇಬೇಡಿ, ಯಾಕೆಂದರೆ ಲಿಮಿಟ್ ಸ್ಟಡ್‌ನಲ್ಲಿ ಚೆನ್ನಾಗಿ ಆಡಿಯೂ ವಾರಗಟ್ಟಲೆ ಸೋಲುವುದುಂಟು. ಅಲ್ಲಿಯವರೆಗೆ ಅಭ್ಯಾಸಕ್ಕೆ ದುಡ್ಡೂ ಬೇಡ, ಆಪ್ ಕೂಡ ಬೇಡ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2025ರ ಕಾನೂನಿನಿಂದ ಭಾರತದಲ್ಲಿ ನಿಷೇಧವೂ ಇದೆ. ಮನೆಯಲ್ಲಿ ಒಂದು ಇಸ್ಪೀಟ್ ಕಟ್ಟು ತೆಗೆದುಕೊಂಡು ಎಂಟು ಎಲೆ ಬಿಚ್ಚಿ ಹಾಕಿ, ಹತ್ತು ಸೆಕೆಂಡ್ ನೋಡಿ, ಮುಚ್ಚಿ, ಸಂಖ್ಯೆ ಮತ್ತು ಬಣ್ಣ ಸಮೇತ ಹೇಳಿ. ತಪ್ಪಿಲ್ಲದೆ ಬಂದ ಮೇಲೆ ಅವು ಮುಚ್ಚಿಯೇ ಇರಲಿ, ಇನ್ನೂ ನಾಲ್ಕು ಎಲೆ ಹಾಕಿ, ಹನ್ನೆರಡನ್ನೂ ಹೇಳಿ. ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿರುವಾಗಲೂ ಹನ್ನೆರಡೂ ಬರುತ್ತಿದ್ದರೆ ಟಿಕೆಟ್ ಬುಕ್ ಮಾಡಿ.