ಪ್ರಿನ್ಸಿಪಾಲರಿಗೆ ಬರೆದ ರಜಾ ಚೀಟಿ

ಕಲಬುರಗಿಯ ಒಂದು ದಾಲ್‌ಮಿಲ್‌ನಲ್ಲಿ ಲೆಕ್ಕ ಬರೆಯುವವರು. ವಯಸ್ಸು 36. ಹೆಸರು ಬೇಡ, ಮುನೀಮರು ಎನ್ನೋಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಾನು ಆಪ್ತಸಮಾಲೋಚಕಿ, ಅಂದರೆ ಕೌನ್ಸೆಲರ್. ಅವರು ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಎರಡು ತಿಂಗಳಿಂದ ಹೀಗೆ. ಬಿಪಿ ಇಲ್ಲ, ಸಕ್ಕರೆ ಇಲ್ಲ, ಕುಡಿತ ಇಲ್ಲ. ಮುಂಬೈ, ಚೆನ್ನೈ ವ್ಯಾಪಾರಿಗಳಿಗೆ ಒಂದು ಮೇಲ್ ಕಳಿಸಬೇಕಾದರೆ ಹದಿನೈದು ಸಲ ಓದುತ್ತಾರೆ. ಆಮೇಲೂ ಧೈರ್ಯ ಸಾಲದೆ ಕಂಪ್ಯೂಟರಿನಲ್ಲಿ ಟ್ಯಾಲಿ ಲೆಕ್ಕ ಹಾಕುವ ಹುಡುಗನಿಗೆ ಕೊಡುತ್ತಾರೆ. ರೇಟ್ ತಡವಾಗಿ ಹೋಯಿತೆಂದು ಸಾವ್ಕಾರರು ಬೈದಿದ್ದರು. ಇದೇ ಕಾರಣ ಅಂದುಕೊಂಡೆ. ಅಲ್ಲ.

ಅರ್ಧ ತಾಸು ಕಳೆದ ಮೇಲೆ ಜೇಬಿನಿಂದ ಮಡಚಿದ ಕಾಗದ ತೆಗೆದರು. ನಾಲ್ಕನೇ ಕ್ಲಾಸಿನ ಮಗಳಿಗೆ ಜ್ವರ ಬಂದಾಗ ಇವರೇ ಇಂಗ್ಲಿಷಿನಲ್ಲಿ ಬರೆದ ರಜಾ ಚೀಟಿ. ಪ್ರಿನ್ಸಿಪಾಲ್ ಎಂದು ಬರೆಯುವ ಕಡೆ ನಿಯಮ, ತತ್ವ ಎಂಬ ಅರ್ಥದ ಪದ ಬಿದ್ದಿತ್ತು. ಶಾಲೆಯಲ್ಲಿ ಯಾರೋ ಅದಕ್ಕೆ ಕೆಂಪು ಶಾಯಿಯ ಸುತ್ತು ಹಾಕಿ ಹುಡುಗಿಯ ಕೈಯಲ್ಲೇ ವಾಪಸ್ ಕಳಿಸಿದ್ದರು. ಪಕ್ಕದ ಮಕ್ಕಳು ನಕ್ಕರು. ಮಗಳು ಮನೆಗೆ ಬಂದು, "ಇನ್ಮ್ಯಾಲ ಕಾಕಾನ ಕೈಲೆ ಬರಸ್ಕೊಂಡು ಹೋಗ್ತೀನಿ" ಎಂದಳು.

"ಎಂ.ಕಾಂ. ಮಾಡೀನ್ರಿ ಮೇಡಂ. ಮಗಳ ಮುಂದ ಮಾನ ಹೋಯ್ತು."

ಎರಡು ತಿಂಗಳು ಆ ಕಾಗದ ಜೇಬಿನಲ್ಲೇ ಇತ್ತು. ಹೆಂಡತಿಗೂ ತೋರಿಸಿರಲಿಲ್ಲ.

ಕಲಿಕೆಯ ತೊಂದರೆ ಏನಾದರೂ ಇದೆಯಾ ಎಂದು ನೋಡಲು ಕನ್ನಡ ಪತ್ರಿಕೆ ಓದಿಸಿದೆ, ಅರ್ಧ ಪುಟ ಬರೆಸಿದೆ. ಅಕ್ಷರ ಮುತ್ತಿನ ಹಾಗೆ, ಒಂದು ಕೊಂಬೂ ತಪ್ಪಿಲ್ಲ. ಇಂಗ್ಲಿಷಿನಲ್ಲೂ ತಪ್ಪು ಎಲ್ಲೆಂದರಲ್ಲಿ ಇಲ್ಲ. ಕಿವಿಗೆ ಒಂದೇ ಥರ ಕೇಳುವ ಪದಗಳಲ್ಲಿ ಮಾತ್ರ. ಆಳಂದ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಓದಿದವರು, ಎಬಿಸಿಡಿ ಶುರುವಾದದ್ದೇ ಐದನೇ ಕ್ಲಾಸಿಗೆ. ಕೇಳಿದ ಹಾಗೆ ಬರೆ ಎಂದು ಕನ್ನಡ ಕಲಿಸಿತ್ತು. ಇವರು ಇಂಗ್ಲಿಷನ್ನೂ ಹಾಗೇ ಬರೆದರು. ಇಂಗ್ಲಿಷ್ ಆ ಮಾತಿಗೆ ನಿಲ್ಲುವ ಭಾಷೆಯಲ್ಲ. ಇಂಗ್ಲೆಂಡಿಗೆ ಅಚ್ಚಿನ ಯಂತ್ರ ಬಂದದ್ದು 1476ರಲ್ಲಿ. ಆಮೇಲೆ ಕಾಗುಣಿತ ನಿಧಾನಕ್ಕೆ ಗಟ್ಟಿಯಾಯಿತು, ಬಾಯಿ ಮಾತ್ರ ಬದಲಾಗುತ್ತಲೇ ಹೋಯಿತು. ಸಾಲ ಎನ್ನುವ ಡೆಟ್‌ನಲ್ಲಿ ಒಂದು ಬಿ ಸುಮ್ನೆ ಕೂತಿದೆ ನೋಡಿ. ಫ್ರೆಂಚಿನಿಂದ ಬರುವಾಗ ಅದು ಇರಲಿಲ್ಲ. ಲ್ಯಾಟಿನ್ ಮೂಲ ನೆನಪಿರಲಿ ಎಂದು ಪಂಡಿತರು ಆಮೇಲೆ ಸೇರಿಸಿದರು. ಇದನ್ನು ಹೇಳಿದಾಗ ಮುನೀಮರಿಗೆ ಸಿಟ್ಟೇ ಬಂತು. "ಓದಂಗಿಲ್ಲ ಅಂದ್ರ ಬರೆಯೋದ್ಯಾಕ್ರಿ?"

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಎರಡನೇ ಭೇಟಿಯಲ್ಲಿ ನಾನೇ ಮೇಷ್ಟ್ರಾಗಿಬಿಟ್ಟೆ. ಗೊಂದಲದ ಇಪ್ಪತ್ತು ಜೋಡಿ ಪದ ಬರೆದುಕೊಟ್ಟೆ. ಮುಂದಿನ ವಾರ ಅವರು ಬರಲೇ ಇಲ್ಲ. ಇನ್ನೊಂದು ಕೆಂಪು ಶಾಯಿ ಕಂಡಿರಬೇಕು.

ಫೋನ್ ಮಾಡಿ ಕರೆಸಿದೆ. ನನ್ನ ಹಳೆಯ ವಿಸಿಟಿಂಗ್ ಕಾರ್ಡ್ ತೋರಿಸಿದೆ. ಅದರಲ್ಲಿ ಕೌನ್ಸೆಲರ್ ಬದಲು ಕೌನ್ಸಿಲರ್ ಎಂದು ಅಚ್ಚಾಗಿತ್ತು. ಅಂದರೆ ನಾನು ನಗರಸಭೆ ಸದಸ್ಯೆ. ಆರು ತಿಂಗಳು ಅದನ್ನೇ ಹಂಚಿದ್ದೆ, ನನಗೇ ಗೊತ್ತಾಗಿರಲಿಲ್ಲ. "ನಾಲಿ ಸ್ವಚ್ಛ ಮಾಡಸ್ರಿ ಅಂತ ಯಾರೂ ಬರಲಿಲ್ಲೇನ್ರಿ?" ಎಂದು ಕೇಳಿದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ.

ಪಟ್ಟಿ ಹರಿದು ಹಾಕಿದೆವು. ಅವರು ನಿಜವಾಗಿ ಎಡವಿದ ಪದಗಳನ್ನಷ್ಟೇ ಹಿಡಿದುಕೊಂಡೆವು.

"ಬ್ಯಾಂಕ್ ಸಾಲದ ಲೆಕ್ಕದಲ್ಲಿ ಅಸಲಿಗೆ ಇಂಗ್ಲಿಷಿನಲ್ಲಿ ಏನು ಬರೀತೀರಿ?" ಎಂದೆ. ಥಟ್ಟನೆ ಬರೆದರು. ಕೊನೆಗೆ ಪಿ, ಎ, ಎಲ್. ಪಕ್ಕಾ ಸರಿ. ಶಾಲೆಯ ಪ್ರಿನ್ಸಿಪಾಲರೂ ಇದೇ ಪದ, ಎರಡಕ್ಕೂ ಮುಖ್ಯವಾದದ್ದು ಎಂದೇ ಅರ್ಥ. ಅಸಲಿನ ಅ ನೆನೆದರೆ ಎ ತಾನೇ ಬರುತ್ತದೆ. ಇನ್ನೊಂದು ವಿಷಯ. ಇಂಗ್ಲಿಷರ ಬಾಯಲ್ಲಿ ಇದೂ, ಚೀಟಿಯಲ್ಲಿ ಬಿದ್ದಿದ್ದ ತತ್ವ ಎಂಬ ಅರ್ಥದ ಪದವೂ ಒಂದೇ ಥರ ಕೇಳುತ್ತವೆ. ನಾವು ಕನ್ನಡದವರು 'ಪಾಲ್' ಎಂದು ಎಳೆಯುತ್ತೇವೆ. ಇಲ್ಲಿ ನಮ್ಮ ಕಿವಿಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಅಲ್ವಾ?

ಲೂಸ್ ಮಾತ್ರ ಸತಾಯಿಸಿತು. ಚೀಲ ಬಿಚ್ಚಿ ಮಾರುವ ತೊಗರಿಬೇಳೆ ಲೂಸ್, ಆರ್ಡರ್ ಕಳೆದುಕೊಂಡರೂ ಲೂಸ್. ಕಳೆದುಕೊಳ್ಳುವ ಪದದ ಕೊನೆಗೆ ಇರುವುದು ಸ ಅಲ್ಲ, ಉರ್ದು ಮಾತಾಡುವವರು ಬಜಾರ್ ಎನ್ನುವಾಗ ಬರುವ ಗುಂಯ್ ಎನ್ನುವ ಜ. ಆ ಜ ಕನ್ನಡದಲ್ಲಿ ಇಲ್ಲ, ಹಾಗಾಗಿ ನಮಗೆ ಎರಡೂ ಒಂದೇ. ಬರೆಯುವಾಗ ಎರಡರಲ್ಲೂ ಎಸ್. ಬಿಡಿ ಬೇಳೆಗೆ ಎರಡು ಓ, ಕಳೆದುಕೊಂಡಲ್ಲಿ ಒಂದು ಓ ಕಳೆದೇ ಹೋಗಿದೆ. ಅಡ್ವೈಸ್ ಕೂಡ ಇದೇ ಜಾತಿ. ಸಲಹೆ ಎಂಬ ಹೆಸರು ಪದಕ್ಕೆ ಸಿ. ಸಲಹೆ ಕೊಡು, ತಿಳಿಸು ಎನ್ನಲು ಎಸ್, ಬಾಯಲ್ಲಿ ಮತ್ತೆ ಅದೇ ಬಜಾರಿನ ಜ. ದಿನಾ ವ್ಯಾಪಾರಿಗಳಿಗೆ 'ರೇಟ್ ತಿಳಿಸಿ' ಎಂದು ಕಳಿಸುವ ಮೇಲ್‌ನಲ್ಲಿ ಇವರು ಸಿ ಹಾಕುತ್ತಿದ್ದರು. ಕಂಪ್ಯೂಟರಿನ ಸ್ಪೆಲ್‌ಚೆಕ್ ಇಂಥದ್ದನ್ನು ಹಲವು ಸಲ ಬಿಟ್ಟುಬಿಡುತ್ತದೆ, ಎರಡೂ ಇರುವ ಪದಗಳೇ ತಾನೇ.

ಮೇಲ್ ಎರಡೇ ಸಲ ಓದಬೇಕು, ಮೂರನೇ ಸಲ ಓದಬೇಕು ಅನ್ನಿಸಿದಾಗ ಕಳಿಸಿಬಿಡಬೇಕು ಎಂದು ಹೇಳಿದೆ. ಮೊದಲ ದಿನ ಕೈ ಬೆವರಿತಂತೆ. ಎರಡನೇ ವಾರ ಒಂದು ತಪ್ಪು ಹೋಯಿತು. ಚೆನ್ನೈಯವರು ಏನೂ ಅನ್ನಲಿಲ್ಲ, ಬೇಳೆ ತರಿಸಿಕೊಂಡರು.

ಕಷ್ಟವಾದದ್ದು ಮಗಳ ವಿಷಯ. ಮುಂದಿನ ಚೀಟಿ ನೀವೇ ಬರೆಯಿರಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಗೊತ್ತಿಲ್ಲದ್ದನ್ನು ಅವಳನ್ನೇ ಕೇಳಿ ಎಂದೆ. ಮೂರು ವಾರ ಮುಂದೂಡಿದರು. ಊರಿನ ಜಾತ್ರೆಗೆ ರಜೆ ಬೇಕಾದಾಗ ಬರೆದರು. ಅಸಲಿನ ಕಥೆ ಹೇಳಿದ್ದಕ್ಕೆ ಅವಳು, "ನಮ್ಮ ಮಿಸ್‌ಗೂ ಇದು ಗೊತ್ತಿರಲಿಕ್ಕಿಲ್ಲ ಪಪ್ಪಾ" ಎಂದಳಂತೆ. ಕೆಂಪು ಸುತ್ತಿನ ಕಾಗದ ಇನ್ನೂ ಜೇಬಿನಲ್ಲಿದೆ. ಬಿಸಾಡಿ ಎಂದು ನಾನು ಹೇಳಿಲ್ಲ.

ನಿದ್ದೆ ಪರವಾಗಿಲ್ಲ. ಅಫೆಕ್ಟ್, ಎಫೆಕ್ಟ್ ಈಗಲೂ ಅದಲುಬದಲಾಗುತ್ತವೆ.

ಕೊನೆಯ ಭೇಟಿಯ ದಿನ ಟೇಬಲ್ ಮೇಲಿದ್ದ ನನ್ನ ಹೊಸ ಕಾರ್ಡ್ ಎತ್ತಿಕೊಂಡು ಬೆಳಕಿಗೆ ಹಿಡಿದರು. "ಮೇಡಂ, ಅಪಾಯಿಂಟ್‌ಮೆಂಟ್‌ನಾಗ ನಡುವಿನ ಟಿ ಇಲ್ಲಲ್ರಿ." ನೋಡಿದೆ. ಇರಲಿಲ್ಲ. ಐನೂರು ಕಾರ್ಡ್ ಮಾಡಿಸಿದ್ದೆ.